ಟ್ರಂಕು ಹಿಡಿದು ಇಳಿದವನು

ಕಾಕಾ ಅವರ ಕುತ್ತಿಗೆ ನೆಟ್ಟಗಿರಲಿಲ್ಲ. ಎಡ ಭುಜದ ಕಡೆಗೆ ತಿರುಗಿ ಹಾಗೇ ನಿಂತುಬಿಟ್ಟಿತ್ತು. ಎದುರಿಗೆ ಕೂತು ಮಾತಾಡುವಾಗಲೂ ಯಾರೋ ಹಿಂದಿನಿಂದ ಕರೆದರೆಂದು ಹೊರಳಿ ನೋಡುತ್ತಿರುವ ಹಾಗೆ ಕಾಣುತ್ತಿದ್ದರು. ಡಾಕ್ಟರು ಕೊಟ್ಟ ಬಿಳಿ ಪಟ್ಟಿಯನ್ನು ಆಫೀಸಿಗೆ ಹೋಗುವಾಗ ಕುತ್ತಿಗೆಗೆ ಕಟ್ಟಿಕೊಳ್ಳುತ್ತಿದ್ದರು, ಭಾನುವಾರ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದರು. ಭಾನುವಾರ ಸಿನಿಮಾದ ದಿನ. ಪಟ್ಟಿ ಕಟ್ಟಿಕೊಂಡರೆ ಕುತ್ತಿಗೆ ತಿರುಗುವುದಿಲ್ಲ, ಕುತ್ತಿಗೆ ತಿರುಗದಿದ್ದರೆ ಸಿನಿಮಾ ನೋಡುವುದಾಗುವುದಿಲ್ಲ. ಅಂದರೆ, ಕಾಕಾ ಯಾವುದನ್ನು ಸಿನಿಮಾ ನೋಡುವುದು ಅನ್ನುತ್ತಿದ್ದರೋ ಅದು ಆಗುವುದಿಲ್ಲ.

ಅವರು ಟಿಕೆಟ್ ತೆಗೆಸುತ್ತಿದ್ದದ್ದು ಮೊದಲ ಸಾಲಿನ ಬಲತುದಿಯ ಸೀಟಿಗೆ. ದೀಪ ಆರಿದ ಮೇಲೆ ಸ್ವಲ್ಪ ಹೊತ್ತು ಪರದೆ ನೋಡುತ್ತಿದ್ದರು. ಕಥೆ ಯಾರದು, ಯಾರಿಗೇನು ಬೇಕಾಗಿದೆ ಅನ್ನುವಷ್ಟು ತಿಳಿದ ಕೂಡಲೇ ಎಡಕ್ಕೆ ಹೊರಳಿಬಿಡುತ್ತಿದ್ದರು. ಮುಂದಿನ ಸಿನಿಮಾ ಎಲ್ಲ ಕಿವಿಯಲ್ಲೇ. ಕಣ್ಣು ಮಾತ್ರ ಹಿಂದೆ ಕೂತ ಜನರ ಮೇಲೆ. ಪರದೆಯ ಬೆಳಕು ಮುಖಗಳ ಮೇಲೆ ಬಿದ್ದು ಆರಿ ಬಿದ್ದು ಆರಿ ಆಗುವುದನ್ನು ಕಡೆಯವರೆಗೂ ನೋಡುತ್ತಾ ಕೂರುವುದು. ಪಕ್ಕದಲ್ಲಿ ಕೂತ ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ನಾನು ತಿಪಟೂರಿನ ಕಡೆಯವನು. ಔಷಧಿ ಕಂಪನಿಯೊಂದರ ಕೆಲಸ ಸಿಕ್ಕಿ ಅಹಮದಾಬಾದಿಗೆ ಹೋದದ್ದು ಭೂಕಂಪವಾದ ವರ್ಷ. ಎತ್ತರದ ಮಹಡಿಗಳಲ್ಲಿ ಇರಲು ಜನ ಹೆದರುತ್ತಿದ್ದ ಕಾಲ ಅದು. ಹಾಗಾಗಿ ಬೋಡಕ್‌ದೇವ್‌ನಂಥ ದುಬಾರಿ ಬಡಾವಣೆಯಲ್ಲಿ, ಮೇಲಿನ ಮಹಡಿಯಲ್ಲಿ, ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ ಫ್ಲ್ಯಾಟು ನಮ್ಮಂಥ ಬ್ಯಾಚುಲರ್ ಹುಡುಗರಿಗೂ ಸಿಕ್ಕಿತು. ಎದುರು ಮನೆಯಲ್ಲಿ ಇವರಿದ್ದರು. ಸರ್ಕಾರಿ ವಿಮಾ ಕಂಪನಿಯ ಅಧಿಕಾರಿ, ಹುಬ್ಬಳ್ಳಿಯವರು, ಗುಜರಾತಿಗೆ ವರ್ಗವಾಗಿ ಬಂದು ಊರೂರು ತಿರುಗುತ್ತಾ ಅಲ್ಲಿಯೇ ಉಳಿದವರು. ಮಕ್ಕಳಿರಲಿಲ್ಲ. ನಾನು ಬಾಗಿಲಿನ ಬೀಗದ ಜೊತೆ ಗುದ್ದಾಡುತ್ತಾ ಕನ್ನಡದಲ್ಲಿ ಬೈದುಕೊಂಡದ್ದನ್ನು ಕೇಳಿಸಿಕೊಂಡು ಹೊರಗೆ ಬಂದು, "ನಮ್ಮಂವ ಇದ್ದಂಗ ಕಾಣಸ್ತಾನಲ! ಊಟ ಆಗೇದೇನಪಾ?" ಅಂದರು. ಆವತ್ತಿನಿಂದ ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು. ಗುಜರಾತಿನವರೂ ಚಿಕ್ಕಪ್ಪನಿಗೆ ಕಾಕಾ ಅನ್ನುವುದರಿಂದ ವಾಚ್‌ಮನ್‌ನಿಂದ ಹಿಡಿದು ರಿಕ್ಷಾದವನವರೆಗೆ ಅವರು ಎಲ್ಲರಿಗೂ ಕಾಕಾನೇ.

ಭಾನುವಾರ ಅವರ ಮನೆಯಲ್ಲಿ ಊಟ. ಕಾಕು ಜೋಳದ ರೊಟ್ಟಿ ಬಡಿಯುವರು, ಜೊತೆಗೆ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರಾಗಿ ಮುದ್ದೆಯ ಸೀಮೆಯಿಂದ ಹೋದ ನನಗೆ ರೊಟ್ಟಿ ಹರಿಯುವುದನ್ನು ಕಲಿಸಿದ್ದೇ ಆ ಮನೆ. ಊಟಕ್ಕೆ ಪ್ರತಿಯಾಗಿ ನಾನು ಮಾಡಬೇಕಾದದ್ದು ಒಂದೇ ಕೆಲಸ. ಕಥೆ ಕೇಳುವುದು. ಒಂದೇ ಕಥೆ.

"ಒಂದು ಸಣ್ಣ ಊರು," ಎಂದು ಕಾಕಾ ಶುರು ಮಾಡುತ್ತಿದ್ದರು. ದಿನಕ್ಕೊಂದೇ ರೈಲು, ಸಂಜೆ ಬರುವಂಥದು. ಒಂದು ದಿನ ಆ ಗಾಡಿಯಿಂದ ಹೆಂಗಸೊಬ್ಬಳು ಒಬ್ಬಳೇ ಇಳಿಯುತ್ತಾಳೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಕೋಣೆ ಹಿಡಿಯುತ್ತಾಳೆ. ಕೇಳಿದವರಿಗೆಲ್ಲ ಒಂದೇ ಉತ್ತರ, ಗಂಡ ನಾಳೆಯ ಗಾಡಿಗೆ ಬರುತ್ತಾರೆ. ನಾಳೆಯ ಗಾಡಿ ಬರುತ್ತದೆ, ಗಂಡ ಬರುವುದಿಲ್ಲ. ದಿನಾ ಸಂಜೆ ಸೀರೆ ಬದಲಿಸಿ, ಹೂ ಮುಡಿದು, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಬಂದು ಕೂರುತ್ತಾಳೆ. ಮೊದಲು ಹಾಲಿನವನು ನಗುತ್ತಾನೆ. ಆಮೇಲೆ ಊರಿನ ಹೆಂಗಸರು ಒಂದೊಂದು ಮಾತಾಡುತ್ತಾರೆ. ಮದುವೆಯಿಲ್ಲದ ಸ್ಟೇಷನ್ ಮಾಸ್ತರು ಮಾತ್ರ ಏನೂ ಆಡದೆ ಗಾಡಿಯ ಪ್ರತಿ ಡಬ್ಬಿಯನ್ನೂ ಅವಳ ಜೊತೆಗೇ ಹುಡುಕುತ್ತಾನೆ. ಬರಬರುತ್ತಾ ಊರಿಗೆ ಊರೇ ಆ ಗಂಡನನ್ನು ಕಾಯತೊಡಗುತ್ತದೆ. ಗಾಡಿ ತಡವಾದರೆ ಚಹಾದಂಗಡಿಯಿಂದ ಯಾರೂ ಏಳುವುದಿಲ್ಲ. ಒಂದು ಸಂಜೆ ಅವಳಿಗೆ ಜ್ವರ, ಸ್ಟೇಷನ್ನಿಗೆ ಬರಲಾಗುವುದಿಲ್ಲ. ಆವತ್ತೇ ಗಾಡಿಯಿಂದ ಒಬ್ಬ ಗಂಡಸು ಟ್ರಂಕು ಹಿಡಿದು ಇಳಿಯುತ್ತಾನೆ. ಸ್ಟೇಷನ್ ಮಾಸ್ತರನ ಹತ್ತಿರ ಬಂದು ಅವಳ ಹೆಸರು ಹೇಳಿ, ಮನೆ ಎಲ್ಲಿ ಎಂದು ಕೇಳುತ್ತಾನೆ.

"ಇಲ್ಲೆ ಇಂಟರ್ವಲ್!" ಎಂದು ಕಾಕಾ ತಟ್ಟೆಯ ಪಕ್ಕ ಎಡಗೈ ಬಡಿಯುತ್ತಿದ್ದರು.

ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ರೊಟ್ಟಿ ಒಣಗಿ ಹೋಗಿತ್ತು. "ಯಾರು ಕಾಕಾ ಅವನು? ಮುಂದೆ?" ಅಂದೆ.

ಕಾಕಾ ಮುಖ ಸಪ್ಪಗಾಯಿತು. "ಅದಽ ನೋಡಪಾ ತ್ರಾಸು," ಅಂದರು.

ಆ ಕಥೆ ಅವರು ಹುಡುಗರಾಗಿದ್ದಾಗ ಬರೆದದ್ದು. ಊರಿನ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸಿನಿಮಾದವರ ಜೊತೆ ಓಡಾಡಿಕೊಂಡಿದ್ದ. ಅವನು ಹೇಗೋ ಅದನ್ನು ಚಿತ್ರ ಮಾಡಿಸಿದ. ಹುಬ್ಬಳ್ಳಿಯಲ್ಲಿ ಬಿಡುಗಡೆಯಾದ ದಿನ ಕಾಕಾ ಹೊಸ ಅಂಗಿ ಹೊಲಿಸಿಕೊಂಡು ಹೋಗಿದ್ದರು. ಮಧ್ಯಂತರದವರೆಗೆ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲವಂತೆ. ಹೊರಗೆ ಸೋಡಾ ಕುಡಿಯುವಾಗ ಜನ, ಅಂವ ಗಂಡ ಅಂತ ಒಬ್ಬ, ಗಂಡ ಅಲ್ಲ ಅಂತ ಇನ್ನೊಬ್ಬ, ಜಗಳವನ್ನೇ ಆಡಿದರಂತೆ. ಒಳಗೆ ಹೋದ ಮೇಲೆ ಇಳಿದವನು ಗಂಡನ ಗೆಳೆಯ ಅಂತಾಯಿತು, ಗಂಡ ಸತ್ತಿದ್ದಾನೆ ಅಂತಾಯಿತು, ಅಳು ಶುರುವಾಯಿತು, ಗುಡಿಯಲ್ಲಿ ಒಂದು ಹಾಡು, ಗೆಳೆಯನಿಗೂ ಸ್ಟೇಷನ್ ಮಾಸ್ತರನಿಗೂ ಹೊಡೆದಾಟ. ಕಾಕಾ ತಿರುಗಿ ನೋಡಿದರು. ಹಿಂದಿನ ಸಾಲುಗಳು ಖಾಲಿಯಾಗುತ್ತಿದ್ದವು. ಜನ ಬೈಯಲೂ ಇಲ್ಲ, ಸೀಟಿ ಹೊಡೆಯಲೂ ಇಲ್ಲ. ಸುಮ್ಮನೆ ಒಬ್ಬೊಬ್ಬರಾಗಿ ಎದ್ದು, ಪಂಚೆ ಕೊಡವಿಕೊಂಡು, ಬಿಸಿಲಿಗೆ ಹೋದರು. ಚಿತ್ರ ಒಂದು ವಾರವೂ ನಿಲ್ಲಲಿಲ್ಲ.

"ಬೈದಿದ್ರ ಬೇಷಿತ್ತು," ಎನ್ನುತ್ತಿದ್ದರು ಕಾಕಾ. "ಬೈದಂವ ಇನ್ನೂ ಕಥಿ ಒಳಗ ಇರತಾನ."

ಅಲ್ಲಿ ತಿರುಗಿದ ಕುತ್ತಿಗೆ ಆಮೇಲೆ ಮುಂದಕ್ಕೆ ಬರಲೇ ಇಲ್ಲ. ನೌಕರಿ ಸಿಕ್ಕಿತು, ಮದುವೆಯಾಯಿತು, ಗುಜರಾತಿಗೆ ಬಂದರು. ಹೋದ ಊರಿನಲ್ಲೆಲ್ಲ ಥಿಯೇಟರಿನ ಮೊದಲ ಸಾಲಿನಲ್ಲಿ ಕೂತು, ಜನ ಯಾವಾಗ ಕಥೆಯ ಕೈ ಬಿಡುತ್ತಾರೆ ಎಂದು ನೋಡುವುದೇ ಕೆಲಸವಾಯಿತು. ಒಂದು ಎರಡನೆಯ ಅರ್ಧ ಬೇಕಾಗಿತ್ತು ಅವರಿಗೆ. ಮೊದಲರ್ಧದಲ್ಲಿ ಉಸಿರು ಹಿಡಿದು ಕೂತ ಅಷ್ಟು ಜನರನ್ನು ಕಡೆಯವರೆಗೆ ಕೂರಿಸುವ ಅರ್ಧ. ಸಾಯುವುದರೊಳಗೆ ಅದೊಂದು ಸಿಕ್ಕಿ, ಎಲ್ಲಿಯಾದರೂ ಯಾವ ಭಾಷೆಯಲ್ಲಾದರೂ ಆ ಚಿತ್ರ ಇನ್ನೊಮ್ಮೆ ಆಗಬೇಕು. ಅದಕ್ಕಿಂತ ಹೆಚ್ಚಿನ ಆಸೆ ಅವರಿಗಿದ್ದದ್ದನ್ನು ನಾನು ಕಾಣೆ.

ಅವರ ಜೊತೆ ಸಿನಿಮಾಕ್ಕೆ ಹೋಗಿ ಹೋಗಿ ನಾನೂ ಒಂದಿಷ್ಟು ಕಲಿತೆ. "ಬ್ಯಾಸರ ಮೊದಲ ಕಣ್ಣಿಗೆ ಬರೂದಿಲ್ಲ, ಕಾಲಿಗೆ ಬರತದ," ಎನ್ನುತ್ತಿದ್ದರು. "ಕತ್ತಲಾಗ ಕಾಲು ಚಪ್ಪಲಿ ಹುಡಕಾಕ ಹತ್ತಿದ್ವು ಅಂದ್ರ ತಿಳಕೋ, ಆ ಮನಷ್ಯಾ ಇನ್ನ ನಿನ್ನಂವ ಅಲ್ಲ." ಗುಜರಾತಿ ಸಂಸಾರಗಳು ಮನೆಯಿಂದ ಖಾಖ್ರಾ, ಕಡಲೆ, ಚೂಡಾ ಕಟ್ಟಿಕೊಂಡು ಬರುತ್ತಿದ್ದವು. ಡಬ್ಬಿ ಯಾವ ದೃಶ್ಯದಲ್ಲಿ ತೆರೆಯುತ್ತದೆ, ಕೈ ಯಾವ ಮಾತಿಗೆ ಬಾಯಿಯ ಹತ್ತಿರ ನಿಲ್ಲುತ್ತದೆ, ತಾಯಂದಿರು ಯಾವ ಹಾಡಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ, ಎಲ್ಲವೂ ಕಾಕಾಗೆ ಬೇಕು. ಒಮ್ಮೆ ಚಿತ್ರ ಮುಗಿದ ಮೇಲೆ ಲಸ್ಸಿ ಕುಡಿಯುತ್ತಾ ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ಮುಂದ ಏನಾಗತದ ಅಂತ ಮೊದಲಽ ಗೊತ್ತಾತಂದ್ರ ಮಂದಿಗೆ ಬ್ಯಾಸರ ಬರತದ. ಏನಾದ್ರ ನಮಗೇನು ಅಂತ ಅನಿಸ್ತಂದ್ರ ಎದ್ದ ಹೋಗ್ತಾರ. ಮೊದಲನೇದಕ್ಕ ಔಷಧ ಅದಪಾ. ಎರಡನೇದಕ್ಕ ಇಲ್ಲ."

ನದಿಯಾಚೆ ಹಳೆಯ ಊರಿನ ಥಿಯೇಟರಿನಲ್ಲಿ ಒಂದು ಮಧ್ಯಾಹ್ನ ಪೆಟ್ಟು ತಿನ್ನುವುದೊಂದು ಬಾಕಿಯಾಗಿತ್ತು. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯ ಜೊತೆ ಕೂತಿದ್ದ. ಕಾಕಾ ಅವರ ಕಣ್ಣು ಆ ಹುಡುಗಿಯ ಮೇಲೆ ನೆಟ್ಟುಬಿಟ್ಟಿತು. ಗಂಡ ಎದ್ದು ಬಂದವನೇ, "ಓ ಕಾಕಾ, ಶು ಜುಓ ಛೋ?" ಎಂದು ಗದರಿದ. ಏನು ನೋಡುತ್ತಿದ್ದೀರಿ ಅಂತ. ಯಾರಾದರೂ ಆದರೆ ಏನೂ ಇಲ್ಲಪ್ಪಾ ಎಂದು ತಿರುಗಿ ಕೂರುತ್ತಿದ್ದರು. ಕಾಕಾ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಬಲು ವಿನಯದಿಂದ, ನಿಮ್ಮ ಹೆಂಡತಿಗೆ ಪಿಕ್ಚರ್ ಹಿಡಿಸುತ್ತಿಲ್ಲ, ಆ ಹುಡುಗ ಸುಳ್ಳು ಹೇಳಿದಾಗಿನಿಂದ ಹಿಡಿಸುತ್ತಿಲ್ಲ ಎಂದು ತಿಳಿಸಿದರು. ಅವನು ಅಂಗಿಯ ಕಾಲರಿಗೆ ಕೈ ಹಾಕಿದ. ನಾನು ನಡುವೆ ನುಗ್ಗಿ, ಕುತ್ತಿಗೆ ನೋವಿನ ಮನುಷ್ಯ, ತಲೆ ಇರುವುದೇ ಹಾಗೆ ಎಂದು ಕೈ ಮುಗಿದೆ. ಅಷ್ಟರಲ್ಲಿ ಹಿಂದಿನಿಂದ ಆ ಹುಡುಗಿ, ಕಾಕಾ ಹೇಳುವುದು ನಿಜ, ನಡಿ ಮನೆಗೆ ಹೋಗೋಣ ಎಂದು ಎದ್ದಳು. ಕಾಕಾ ಆವತ್ತು ರಿಕ್ಷಾದಲ್ಲಿ ಮನೆ ತಲುಪುವವರೆಗೂ ಕಾಲರು ಸರಿಮಾಡಿಕೊಳ್ಳುತ್ತಾ ಒಬ್ಬರೇ ನಗುತ್ತಿದ್ದರು.

ಆದರೆ ಇಷ್ಟೆಲ್ಲ ತಿಳಿದುಕೊಂಡು ಆದದ್ದೇನು? ಎರಡನೆಯ ಅರ್ಧ ಹೊಸದು ಹೊಸದಾಗಿ ಹುಟ್ಟುತ್ತಿತ್ತು, ಸಾಯುತ್ತಿತ್ತು. ಒಂದು ಭಾನುವಾರ ಟ್ರಂಕಿನವನು ಪೊಲೀಸು. ಇನ್ನೊಂದು ಭಾನುವಾರ ಅವನು ಅದೇ ಹೆಸರಿನ ಬೇರೊಬ್ಬಳನ್ನು ಹುಡುಕಿಕೊಂಡು ತಪ್ಪಿ ಇಳಿದವನು. ಒಮ್ಮೆ ಹಳೆಯ ಪ್ರೇಮಿ, ಒಮ್ಮೆ ಸಾಲಗಾರ, ದೀಪಾವಳಿಯ ರಜೆಯಲ್ಲಿ ಸ್ವತಃ ದೆವ್ವ. ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತು, ನನ್ನ ಮುಖ ನೋಡಿಕೊಂಡೇ ಹೇಳುವರು. ನಾನು ಎಷ್ಟೇ ಕಣ್ಣರಳಿಸಿ ಕೂತರೂ ಯಾವುದೋ ಒಂದು ಮಾತಿನಲ್ಲಿ ನಿಲ್ಲಿಸಿ, "ಬಿಟ್ಟಿ ನೀನು. ಈಗಷ್ಟ ಬಿಟ್ಟಿ," ಎನ್ನುವರು. ಅದು ನಿಜವಾಗಿರುತ್ತಿತ್ತು. ಊರಿನ ಉಳಿದ ಕನ್ನಡಿಗರು ಜಾಣರು. ಯುಗಾದಿಗೆ ಸೇರಿದಾಗ ಕಾಕಾ "ಒಂದು ಸಣ್ಣ ಊರು" ಅಂದ ಕೂಡಲೇ ತಟ್ಟೆ ಹಿಡಿದು ಪಾಯಸದ ಕಡೆ ಸರಿದುಬಿಡುತ್ತಿದ್ದರು. ಅವರು ಸರಿಯುವುದನ್ನೂ ಕಾಕಾ ಗಮನವಿಟ್ಟು ನೋಡುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹೆದ್ದಾರಿಯ ಬದಿಗೆ ಮಲ್ಟಿಪ್ಲೆಕ್ಸುಗಳು ಬಂದವು. ನಾನೇ ಒಮ್ಮೆ ಕರೆದುಕೊಂಡು ಹೋದೆ. ಸೀಟುಗಳ ಬೆನ್ನು ಎತ್ತರ, ಕತ್ತಲೆ ದಟ್ಟ, ಮನೆಯ ಡಬ್ಬಿ ಒಳಗೆ ಬಿಡುವುದಿಲ್ಲ, ಎಲ್ಲರ ಕಾಲಲ್ಲೂ ಬೂಟು. ಕಾಕಾ ಎರಡು ಸಲ ಹೊರಳಿ ನೋಡಿದರು. ಮಧ್ಯಂತರಕ್ಕೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇಲ್ಲೆ ಮಂದಿ ಕಾಣಸೂದಽ ಇಲ್ಲಪಾ. ಯಾರಿಗೆ ಅಂತ ಕಥಿ ಹೇಳೂದು?" ಅಂದರು.

ಸೂರತ್ತಿನ ಕರೆ ಬಂದದ್ದು ಅದಾದ ಮೇಲೆ. ಕಾಕಾ ಅವರ ಆಫೀಸಿನ ಏಜೆಂಟನೊಬ್ಬನ ಭಾವನಿಗೆ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಕಾರ್ಖಾನೆ. ಸೌರಾಷ್ಟ್ರದ ಕಡೆಯ ಶೇಠ್. ಗುಜರಾತಿಯಲ್ಲಿ ಒಂದು ಸಿನಿಮಾ ಮಾಡಬೇಕೆಂಬ ಹುಚ್ಚು ಅವರಿಗೂ ಹಿಡಿದಿತ್ತು. ಒಳ್ಳೆಯ ಕಥೆಯಿದ್ದರೆ ಬಂದು ಹೇಳಿ, ಕೇಳುತ್ತೇನೆ ಎಂದು ಹೇಳಿ ಕಳಿಸಿದ್ದರು. ಕಾಕಾ ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ನನ್ನನ್ನು ಜೊತೆಗೆ ಕರೆದರು. "ನೀ ಅವರ ಮಾರಿ ನೋಡ್ಕೋತ ಕೂಡು. ನಾ ನೋಡೂದಿಲ್ಲ. ನಾ ಬರೇ ಹೇಳ್ತೀನಿ," ಅಂದರು. ಕಾಕು ಬಾಗಿಲಲ್ಲಿ ನಿಂತು ತಾವೇ ಪಟ್ಟಿ ಕಟ್ಟಿ ಕಳಿಸಿದರು. ಸ್ಟೇಷನ್ನಿನಲ್ಲಿ ಕಾಕಾ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಬೆಳಗಿನ ಗಾಡಿಯಲ್ಲಿ, ವಡೋದರಾ ದಾಟಿದ ಮೇಲೆ, ಕಾಕಾ ನನಗೆ ಹೊಸ ಎರಡನೆಯ ಅರ್ಧ ಹೇಳಿದರು. ಇಳಿದವನು, ನಾನು ಅವಳ ಗಂಡ ಎನ್ನುತ್ತಾನೆ. ಮದುವೆಯ ಫೋಟೋ ತೋರಿಸುತ್ತಾನೆ. ಊರೆಲ್ಲ ಸಂಭ್ರಮದಿಂದ ಅವನನ್ನು ಮೆರವಣಿಗೆ ಮಾಡಿಕೊಂಡು ಅವಳ ಕೋಣೆಗೆ ಕರೆದೊಯ್ಯುತ್ತದೆ. ಜ್ವರದಲ್ಲಿದ್ದವಳು ಎದ್ದು ಅವನನ್ನು ದಿಟ್ಟಿಸಿ ನೋಡಿ, ಇವರು ಯಾರೋ ನನಗೆ ಗೊತ್ತಿಲ್ಲ ಎನ್ನುತ್ತಾಳೆ. ಊರಿಗೆ ಸಿಟ್ಟು ಬರುತ್ತದೆ. ಊರೆಲ್ಲ ಅವನನ್ನು ನಂಬುತ್ತದೆ, ಸ್ಟೇಷನ್ ಮಾಸ್ತರನೊಬ್ಬ ಅವಳನ್ನು ನಂಬುತ್ತಾನೆ. ಕಡೆಗೆ ಅವನು ಟ್ರಂಕು ಎತ್ತಿಕೊಂಡು ಮರುದಿನ ಸಂಜೆಯ ಗಾಡಿ ಹತ್ತುತ್ತಾನೆ, ಮಾಸ್ತರು ಹಸಿರು ಬಾವುಟ ತೋರಿಸುತ್ತಾನೆ. ಮುಗಿಯಿತು.

ನಾನು ಬಿಡಲಿಲ್ಲ ಆವತ್ತು. ಒಂದು ಮಾತಿಗೂ ಬಿಡಲಿಲ್ಲ. ಕಾಕಾಗೂ ಅದು ಕಂಡಿತು. ಭರೂಚಿನ ಸೇತುವೆಯ ಮೇಲೆ ಗಾಡಿ ಹೋಗುವಾಗ ನನ್ನ ಮಂಡಿಯನ್ನು ಒಮ್ಮೆ ಒತ್ತಿ ಹಿಡಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಶೇಠ್ ಒಳ್ಳೆಯ ಮನುಷ್ಯ. ಗಾದಿಯ ಮೇಲೆ ಕೂರಿಸಿ, ನೀರು ಕೊಡಿಸಿ, ಫೋನು ಬಂದ್ ಮಾಡಿ ಕೈಕಟ್ಟಿ ಕೂತರು. ಆಚೆಯ ಹಾಲಿನಲ್ಲಿ ವಜ್ರ ಉಜ್ಜುವ ಚಕ್ರಗಳು ತಿರುಗುತ್ತಿದ್ದವು. ಕಾಕಾ ಹಿಂದಿಯಲ್ಲಿ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಕೆಲಸಗಾರ ಬಂದು ನಿಂತ. ಆಮೇಲೆ ಇನ್ನಿಬ್ಬರು. ಶೇಠ್ ಅವರನ್ನು ಅಟ್ಟಲಿಲ್ಲ, ಅವರಿಗೆ ಆ ಕಡೆ ಗಮನವೇ ಇರಲಿಲ್ಲ. "ಪಛೀ? ಪಛೀ?" ಎಂದು, ಆಮೇಲೆ, ಆಮೇಲೆ ಎಂದು ಕೇಳುತ್ತಾ ಮುಂದಕ್ಕೆ ಜರುಗಿ ಜರುಗಿ ಗಾದಿಯ ಅಂಚಿಗೆ ಬಂದಿದ್ದರು. ಟ್ರಂಕಿನವನು ಇಳಿದಾಗ ಬಾಗಿಲಲ್ಲಿ ನಿಂತ ನಡುವಯಸ್ಸಿನವನೊಬ್ಬ, ಆಹಾ ಎಂದು ತೊಡೆ ತಟ್ಟಿಕೊಂಡ. ಚಹಾ ಬಂತು. ಯಾರೂ ಕುಡಿಯುವ ಮನಸ್ಸು ಮಾಡಲಿಲ್ಲ.

ಎರಡನೆಯ ಅರ್ಧವೂ ಚೆನ್ನಾಗಿಯೇ ಎದ್ದಿತು. ಫೋಟೋ ತೋರಿಸಿದ್ದಾಯಿತು, ಮೆರವಣಿಗೆಯಾಯಿತು. ಅವಳು ಕಣ್ಣು ತೆರೆಯಬೇಕು. ಆಗ ಕಾಕಾ ಕುತ್ತಿಗೆ ಹೊರಳಿತು. ಎಷ್ಟೋ ವರ್ಷಗಳ ಅಭ್ಯಾಸ, ಅದನ್ನು ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಬಾಗಿಲಲ್ಲಿದ್ದ ಆ ನಡುವಯಸ್ಸಿನವನು ಅದೇ ಹೊತ್ತಿಗೆ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟುಹೋದ.

ಕಾಕಾ ಕಥೆ ನಿಲ್ಲಿಸಿದರು. ಗಂಟಲು ಸರಿಮಾಡಿಕೊಂಡು, ಅಲ್ಲ, ವಾಸ್ತವದಲ್ಲಿ ಅವನು ಗಂಡನಲ್ಲ, ಪೊಲೀಸು ಅಂದರು. ಶೇಠ್ ಕಣ್ಣು ಮಿಟುಕಿಸಿ, "ಫೋಟೋ?" ಅಂದರು. ಫೋಟೋ ಸುಳ್ಳು ಅಂದರು ಕಾಕಾ. ಇನ್ನೊಬ್ಬ ಕೆಲಸಗಾರ ಆಚೆ ನೋಡಿದ. ಕೂಡಲೇ ಪೊಲೀಸನಿಗೆ ಒಬ್ಬ ತಮ್ಮ ಹುಟ್ಟಿದ. ಶೇಠ್ ಹಿಂದಕ್ಕೆ ಒರಗಿದರು. ಅದನ್ನು ಕಂಡು ಕಾಕಾ ಗುಡಿಯ ಹಾಡು ತಂದರು, ಹೊಡೆದಾಟ ತಂದರು, ಹುಬ್ಬಳ್ಳಿಯಲ್ಲಿ ಜನ ಎದ್ದು ಹೋದ ಅಷ್ಟನ್ನೂ ತಂದು ಸುರಿದರು. ನಾನು ಸನ್ನೆ ಮಾಡಿದೆ, ಕನ್ನಡದಲ್ಲೇ "ಕಾಕಾ, ಗಾಡಿಯಲ್ಲಿ ಹೇಳಿದ್ದು, ಅದನ್ನೇ ಹೇಳಿ" ಅಂದೆ. ಅವರಿಗೆ ಕೇಳಿಸಲಿಲ್ಲ. ಒಂದೊಂದು ಮುಖಕ್ಕೂ ಒಂದೊಂದು ಕಥೆ ಕಟ್ಟುತ್ತಾ ಕಟ್ಟುತ್ತಾ, ಕಡೆಗೆ ಒಂದು ವಾಕ್ಯದ ನಡುವೆ ಸುಮ್ಮನಾಗಿಬಿಟ್ಟರು. ಶೇಠ್ ತಣ್ಣಗಾದ ಚಹಾವನ್ನು ಬಸಿಗೆ ಬಗ್ಗಿಸಿಕೊಂಡು ಕುಡಿದು, ಮೊದಲರ್ಧ ಬಹಳ ಚೆನ್ನಾಗಿದೆ ಸಾಹೇಬ್, ಯೋಚನೆ ಮಾಡೋಣ ಅಂದರು. ಅವರು ಬೈಯಲಿಲ್ಲ.

ಹಾಲಿನ ನಡುವಿನಿಂದ ಹಾದು ಹೊರಗೆ ಬರುವಾಗ ಆ ನಡುವಯಸ್ಸಿನವನು ಚಕ್ರದ ಮುಂದೆ ಕೂತಿದ್ದ. ಕಣ್ಣಿನ ಮಸೂರ ತೆಗೆದು ಕಾಕಾ ಕಡೆ ನೋಡಿ, ಮೇಸ್ತ್ರಿ ಕರೆದ ಸಾಹೇಬ್, ಬರಲೇಬೇಕಾಯಿತು, ಆತ ಗಂಡನೇ ತಾನೇ ಎಂದು ಕೇಳಿದ. ಕಾಕಾ ಅವನನ್ನೇ ನೋಡುತ್ತ ನಿಂತರು. ಆಮೇಲೆ, "ಹಾಂ. ಪತಿ ಹೀ ಥಾ," ಅಂದರು. ನನಗೂ ಹಾಗೇ ಅನ್ನಿಸಿತ್ತು ಎಂದು ಅವನು ಸಮಾಧಾನದಿಂದ ಮತ್ತೆ ವಜ್ರಕ್ಕೆ ಬಗ್ಗಿದ.

ವಾಪಸು ಬರುವಾಗ ಗಾಡಿಯಲ್ಲಿ ಜನಜಂಗುಳಿ. ಕಾಕಾ ಚೀಲದಿಂದ ಪಟ್ಟಿ ತೆಗೆದು ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂತರು. ವಡೋದರಾದಲ್ಲಿ ಇಳಿಯುವವರು ಇಳಿದು ಡಬ್ಬಿ ಸ್ವಲ್ಪ ಖಾಲಿಯಾದಾಗ, "ಮಂದಿ ಎದ್ದು ಹೋಗೂದು ಅಷ್ಟಽ ಕಲತೆ ನೋಡಪಾ ನಾ," ಅಂದರು. "ಅವರು ಕೂತಾಗ ಅವರನ್ನ ನೋಡಲಽ ಇಲ್ಲ." ನಾನು ಏನೋ ಸಮಾಧಾನ ಹೇಳಿದೆ. ಯಾವ ಪ್ರಯೋಜನವೂ ಇಲ್ಲದ ಮಾತು ಎಂದು ಹೇಳುವಾಗಲೇ ಗೊತ್ತಿತ್ತು.

ಅವರು ಮತ್ತೆ ಆ ಕಥೆ ಹೇಳಲಿಲ್ಲ. ಭಾನುವಾರದ ಊಟ ನಡೆಯುತ್ತಿತ್ತು, ರೊಟ್ಟಿ, ಎಣಗಾಯಿ ಎಲ್ಲವೂ ಇರುತ್ತಿತ್ತು, ಕಾಕಾ ಈರುಳ್ಳಿಯ ಬೆಲೆಯ ಬಗ್ಗೆ, ಲಿಫ್ಟು ಕೆಟ್ಟದ್ದರ ಬಗ್ಗೆ ಮಾತಾಡುತ್ತಿದ್ದರು. ಊಟವಾದ ಮೇಲೆ ಟೀವಿಯ ಮುಂದೆ ನೆಟ್ಟಗೆ ಕೂತು ಧಾರಾವಾಹಿ ನೋಡುತ್ತಿದ್ದರು. ನನಗೆ ಅದಕ್ಕಿಂತ ಪೊಲೀಸು, ದೆವ್ವ, ಸಾಲಗಾರ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಒಮ್ಮೆ ನಾನೇ ನಾಚಿಕೆ ಬಿಟ್ಟು, "ಕಾಕಾ, ಒಂದು ಸಣ್ಣ ಊರು," ಎಂದು ಶುರು ಮಾಡಿದೆ. "ಬಿಡಪಾ," ಅಂದರು. ಅಷ್ಟೇ.

ಮರುವರ್ಷ ಅವರಿಗೆ ವಡೋದರಾಕ್ಕೆ ವರ್ಗವಾಯಿತು. ಗೋರ್ವಾದಲ್ಲಿ, ಕಾರ್ಖಾನೆಗಳ ಸಾಲಿನ ಹಿಂದೆ, ಕಂಪನಿಯೇ ಗೊತ್ತು ಮಾಡಿದ ಮನೆ. ನಾನು ತಿಂಗಳಿಗೋ ಎರಡು ತಿಂಗಳಿಗೋ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಮೊದಲಿಗಿಂತ ಸಣ್ಣಗಾಗಿರುತ್ತಿದ್ದರು. ಯಕೃತ್ತು ಕೆಟ್ಟಿದೆ ಅಂದರು. ಒಂದು ಹನಿ ಕುಡಿಯದ ಮನುಷ್ಯನಿಗೆ ಅದು ಯಾಕೆ ಬಂತೋ, ಡಾಕ್ಟರಿಗೂ ಹೇಳಲು ಆಗಲಿಲ್ಲ. ಕಡೆಯ ಸಲ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತು ಆಫೀಸಿನ ಸುದ್ದಿ ಏನೇನೋ ಹೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೆಂದು ನಿಲ್ಲಿಸಿದೆ. "ಹೇಳು, ಇದ್ದೀನಿ," ಅಂದರು. ಆದರೆ ಅವರು ಇರಲಿಲ್ಲ. ಇಲ್ಲದವರನ್ನು ಗುರುತಿಸುವುದನ್ನು ಅವರೇ ನನಗೆ ಕಲಿಸಿದ್ದರು.

ಆ ವಿದ್ಯೆ ಕಾಕಾ ನನಗೆ ಬಿಟ್ಟುಹೋದ ಆಸ್ತಿ. ಇವತ್ತಿಗೂ ಮೀಟಿಂಗಿನಲ್ಲಿ ನಾನು ಮಾತಾಡಲು ನಿಂತರೆ ಮೇಜಿನ ಕೆಳಗಿನ ಕಾಲುಗಳೇ ಕಾಣುತ್ತವೆ. ಯಾರು ಯಾವ ಮಾತಿಗೆ ನನ್ನನ್ನು ಬಿಟ್ಟರು ಎಂದು ನನಗೆ ತಕ್ಷಣ ತಿಳಿಯುತ್ತದೆ. ತಿಳಿದು ಏನು ಮಾಡಬೇಕು ಎಂಬುದು ಕಾಕಾಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ.

ಅವರು ಹೋದ ಸುದ್ದಿ ಬಂದಾಗ ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಗೋರ್ವಾಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಬ್ಬಳ್ಳಿಯಿಂದ ಬಂದ ಕಾಕು ಅವರ ಮೈದುನ ಕರ್ಮ ಮುಗಿಸಿ ಹೊರಟುಹೋಗಿದ್ದ. ಕಂಪನಿಯವರು ಮನೆ ಬಿಡಲು ವಾಯಿದೆ ಕೊಟ್ಟಿದ್ದರು. ಸಾಮಾನು ಅರ್ಧ ಕಟ್ಟಿ ಅರ್ಧ ಹಾಗೇ ಬಿಟ್ಟಿತ್ತು. ಕಾಕು ಚಹಾ ಮಾಡಿ ತಂದು, ನನ್ನ ಎದುರಿಗೆ ನೆಲದ ಮೇಲೆ ಗೋಡೆಗೆ ಒರಗಿ ಕೂತರು.

"ಆ ಕಥಿಯೊಳಗ ಮುಂದ ಏನಾಗತದ?" ಎಂದು ಕಾಕು ಕೇಳಿದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅದಽಪಾ, ಅವರ ಕಥಿ. ಅಂವ ಟ್ರಂಕ್ ತೊಗೊಂಡು ಇಳೀತಾನಲಾ, ಅಲ್ಲಿತನಾ ನಂಗ ಬಾಯಿಪಾಠ ಅದ. ಅಷ್ಟೊತ್ತಿಗೆ ನೀವು ಕೈ ತೊಳಕೊಂಡು ಹೊರಗ ಗ್ಯಾಲರಿಗೆ ಹೋಗಿ ಕೂಡ್ತಿದ್ರಿ. ನಾ ಒಳಗ ಊಟಕ್ಕ ಕೂಡ್ತಿದ್ದೆ. ಮುಂದಿಂದು ಒಮ್ಮೆನೂ ಕೇಳಿಲ್ಲ. ಮದುವಿ ಆಗಿ ಬರೂದರಾಗ ಸಿನಿಮಾನೂ ಹೋಗಿಬಿಟ್ಟಿತ್ತು."

ನಾನು ಹೇಳಿದೆ. ಸೂರತ್ತಿನ ಗಾಡಿಯಲ್ಲಿ ಕೇಳಿದ್ದನ್ನೇ, ಕಾಕಾ ಹೇಳಿದ ಹಾಗೇ, ಒಂದು ಮಾತೂ ಬಿಡದೆ ಹೇಳಿದೆ. ಕಾಕು ಸೆರಗಿನ ತುದಿ ಹಿಡಿದುಕೊಂಡು ಕೇಳಿದರು. ಅವಳು ಇವರು ಯಾರೋ ನನಗೆ ಗೊತ್ತಿಲ್ಲ ಅಂದಾಗ ಅವರ ಕೈ ಹಾಗೇ ನಿಂತಿತು. ಅವನು ಗಾಡಿ ಹತ್ತಿದ, ಮಾಸ್ತರು ಹಸಿರು ಬಾವುಟ ತೋರಿಸಿದ, ಮುಗಿಯಿತು ಅಂದೆ.

"ಆಮ್ಯಾಲೆ?"

"ಅಷ್ಟೇ ಕಾಕು. ಅಲ್ಲಿಗೆ ಮುಗೀತು."

"ಹಂಗ ಹ್ಯಾಂಗ ಮುಗೀತದ? ಆಕಿ? ಊರ ಮಂದಿ ಎಲ್ಲಾ ಸಿಟ್ಟಿಗೆದ್ದಾರ. ಅಲ್ಲೆ ಆಕಿಗೆ ಯಾರಿಲ್ಲ. ಬಾಡಿಗಿ ಖೋಲಿ ಬ್ಯಾರೆ. ಆಕಿ ಎಲ್ಲೆ ಹೋದಳು?"

ನಾನು ನೆನಪು ಮಾಡಿಕೊಂಡೆ. ಗಾಡಿ ಹೊರಡುವಾಗ ಅವಳು ಪ್ಲಾಟ್‌ಫಾರ್ಮಿನಲ್ಲಿದ್ದಳೋ, ಕೋಣೆಯಲ್ಲಿದ್ದಳೋ, ಅದು ಕೂಡ ಕಾಕಾ ಹೇಳಿರಲಿಲ್ಲ. ಪೊಲೀಸು ಬಂದ ಕಥೆಯಲ್ಲೂ ಹೇಳಿರಲಿಲ್ಲ, ದೆವ್ವದ ಕಥೆಯಲ್ಲೂ ಹೇಳಿರಲಿಲ್ಲ, ಹುಬ್ಬಳ್ಳಿಯಲ್ಲಿ ಬಿದ್ದುಹೋದ ಸಿನಿಮಾದಲ್ಲೂ ಇರಲಿಲ್ಲ. ಎಲ್ಲದರಲ್ಲೂ ಇಳಿದವನು ಯಾರು ಎಂಬುದೊಂದೇ. ನನಗೂ ಇಷ್ಟು ವರ್ಷ ಕೇಳಬೇಕೆಂದು ಹೊಳೆದಿರಲಿಲ್ಲ. ಕಾಕಾ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಒಂದೇ ಒಂದು ಭಾನುವಾರ ಇವರ ಊಟ ಮುಗಿಯುವವರೆಗೆ ಕಾದಿದ್ದರೆ ಆಗುತ್ತಿತ್ತು.

"ಗೊತ್ತಿಲ್ಲ ಕಾಕು," ಅಂದೆ. "ಆಕೆ ಎಲ್ಲಿಗೆ ಹೋದಳು ಅಂತ ಕಾಕಾ ಏನೂ ಹೇಳಲಿಲ್ಲ."

ಕಾಕು ಅರ್ಧ ಕಟ್ಟಿದ ಸಾಮಾನಿನ ಕಡೆ ನೋಡಿದರು.

"ನನಗೂ ಏನೂ ಹೇಳಿಲ್ಲಪಾ," ಅಂದರು.